ಮುಚ್ಚಿಹೋದ ಫಂಡ್‌ಗಳನ್ನೂ ಲೆಕ್ಕಕ್ಕೆ ತನ್ನಿ: ಉದಯೋನ್ಮುಖ ಮಾರುಕಟ್ಟೆಗಳಲ್ಲಿ ಮ್ಯೂಚುವಲ್ ಫಂಡ್ ಸಾಧನೆ ಅಳೆಯುವ ಬಗೆ

ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ನಾನು ಎರಡೇ ದಿನದಲ್ಲಿ ಮುಗಿಸಿಬಿಟ್ಟಿದ್ದೆ. ಆವತ್ತು ಚಾಲ್ತಿಯಲ್ಲಿದ್ದ ಫಂಡ್‌ಗಳ ಪಟ್ಟಿ ಇಳಿಸಿಕೊಂಡೆ. ಹತ್ತು ವರ್ಷದ ಎನ್‌ಎವಿ (ಫಂಡ್‌ನ ಒಂದು ಯೂನಿಟ್‌ನ ಬೆಲೆ) ತೆಗೆದೆ. ಸೂಚ್ಯಂಕದ ಪಕ್ಕ ಇಟ್ಟು ಹೋಲಿಸಿದೆ. ಹೆಚ್ಚಿನ ಫಂಡ್‌ಗಳು ಸೂಚ್ಯಂಕವನ್ನು ಹಿಂದೆ ಹಾಕಿದ್ದವು. ಖುಷಿಯಿಂದ ಗೈಡ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಕೋಷ್ಟಕದ ಮೇಲೆ ಕಣ್ಣಾಡಿಸಿ ಒಂದೇ ಪ್ರಶ್ನೆ ಕೇಳಿದರು: “ಈ ಹತ್ತು ವರ್ಷದಲ್ಲಿ ಮುಚ್ಚಿಹೋದ ಫಂಡ್ ಒಂದೂ ಇಲ್ವಾ?”

ಇದ್ದವು. ಬೇಕಾದಷ್ಟಿದ್ದವು. ನನ್ನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಆ ದಿನ ಕಲಿತದ್ದು ಇಷ್ಟು. ಈ ಬಗೆಯ ಸಂಶೋಧನೆಯಲ್ಲಿ ಉತ್ತರ ಬಹುಪಾಲು ರಿಗ್ರೆಶನ್ (ಫಂಡ್‌ನ ರಿಟರ್ನ್ ಯಾವುದರ ಜೊತೆ ಎಷ್ಟು ಏರಿಳಿಯುತ್ತದೆ ಎಂದು ಅಳೆಯುವ ಲೆಕ್ಕ) ಓಡಿಸುವ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಫಂಡ್‌ಗಳನ್ನು ಆರಿಸಿದಿರಿ, ಯಾವುದರ ಜೊತೆ ಹೋಲಿಸಿದಿರಿ, ಯಾವ ಕರೆನ್ಸಿಯಲ್ಲಿ ಅಳೆದಿರಿ ಎನ್ನುವುದರಲ್ಲೇ ಆಟ ಮುಗಿದಿರುತ್ತದೆ. ಇದು ಎಲ್ಲ ದೇಶಕ್ಕೂ ನಿಜ. ಆದರೆ ಉದಯೋನ್ಮುಖ ಮಾರುಕಟ್ಟೆಗಳಲ್ಲಿ, ಅಂದರೆ ಭಾರತ, ಬ್ರೆಜಿಲ್, ಟರ್ಕಿಯಂಥ ಇನ್ನೂ ಬೆಳೆಯುತ್ತಿರುವ ಪೇಟೆಗಳಲ್ಲಿ, ಎಡವಲು ಜಾಗ ಜಾಸ್ತಿ. ಪ್ರಾಜೆಕ್ಟ್ ಮಾಡುವವರಿಗೆ, ಪಿಎಚ್‌ಡಿಗೆ ಕೂತವರಿಗೆ, ಬೇರೆಯವರ ಪ್ರಬಂಧ ಓದಿ ನಂಬಬೇಕೋ ಬೇಡವೋ ಎಂದು ಯೋಚಿಸುವವರಿಗೆ ನಾನು ಹೇಳುವ ಕ್ರಮ ಹೀಗಿದೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

“ಉದಯೋನ್ಮುಖ ಮಾರುಕಟ್ಟೆಯ ಫಂಡ್” ಎಂದರೆ ಎರಡು ಬೇರೆ ಬೇರೆ ವಸ್ತು. ಒಂದು, ನ್ಯೂಯಾರ್ಕ್‌ನಲ್ಲೋ ಲಕ್ಸೆಂಬರ್ಗ್‌ನಲ್ಲೋ ನೋಂದಣಿಯಾಗಿ, ಬ್ರೆಜಿಲ್, ಚೀನಾ, ಭಾರತ, ತೈವಾನ್‌ಗಳ ಷೇರು ಕೊಳ್ಳುವ ಫಂಡ್. ಇನ್ನೊಂದು, ಆಯಾ ದೇಶದಲ್ಲೇ ಹುಟ್ಟಿ, ಅಲ್ಲಿಯ ಜನರ ಹಣ ತೆಗೆದುಕೊಂಡು, ಅಲ್ಲಿಯ ಷೇರಿನಲ್ಲೇ ಹಾಕುವ ಫಂಡ್. ಹೂಡಿಕೆದಾರರು ಬೇರೆ, ಕರೆನ್ಸಿ ಬೇರೆ, ನಿಯಮ ಬೇರೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ತುರುಕಬೇಡಿ.

ಇನ್ನೊಂದು ಮಾತು ಸ್ಪಷ್ಟವಾಗಬೇಕು. ಹೂಡಿಕೆದಾರನ ಕೈಗೆ ಎಷ್ಟು ಬಂತು ಎಂದು ಕೇಳುತ್ತಿದ್ದೀರೋ, ಮ್ಯಾನೇಜರ್‌ಗೆ ಷೇರು ಆರಿಸುವ ಜಾಣ್ಮೆ ಇದೆಯೇ ಎಂದು ಕೇಳುತ್ತಿದ್ದೀರೋ? ಮೊದಲನೆಯದಕ್ಕೆ ಖರ್ಚು ಕಳೆದ ರಿಟರ್ನ್ ಬೇಕು. ಎರಡನೆಯದಕ್ಕೆ ಖರ್ಚನ್ನು ಮತ್ತೆ ಕೂಡಿಸಿ ನೋಡಬೇಕು.

ಹೆಜ್ಜೆ 2: ಯಾವ ದೇಶ, ಯಾವ ವರ್ಷ

“ಉದಯೋನ್ಮುಖ ಮಾರುಕಟ್ಟೆ” ಎಂಬ ಹೆಸರನ್ನು ಹುಟ್ಟುಹಾಕಿದ್ದು 1981ರಲ್ಲಿ, ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿಯಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮೇಲ್. ಅದು ಹೂಡಿಕೆದಾರರನ್ನು ಸೆಳೆಯಲು ಇಟ್ಟ ಹೆಸರು, ಅರ್ಥಶಾಸ್ತ್ರದ ವ್ಯಾಖ್ಯೆಯೇನಲ್ಲ. ಹಾಗಾಗಿ ಗಡಿ ಇವತ್ತಿಗೂ ಅಲುಗಾಡುತ್ತಲೇ ಇದೆ. 1988ರಲ್ಲಿ ಸೂಚ್ಯಂಕ ರಚಿಸುವ ಎಂಎಸ್‌ಸಿಐ ಸಂಸ್ಥೆಯ ಉದಯೋನ್ಮುಖ ಮಾರುಕಟ್ಟೆ ಸೂಚ್ಯಂಕ ಶುರುವಾದಾಗ ಅದರಲ್ಲಿದ್ದದ್ದು 10 ದೇಶ. ಆಮೇಲೆ ಆ ಸಂಖ್ಯೆ 20 ದಾಟಿತು.

ದಕ್ಷಿಣ ಕೊರಿಯಾ ಎಂಎಸ್‌ಸಿಐ ಪ್ರಕಾರ ಉದಯೋನ್ಮುಖ, ಅಂಥದ್ದೇ ಇನ್ನೊಂದು ಸಂಸ್ಥೆಯಾದ ಎಫ್‌ಟಿಎಸ್‌ಇ ಪ್ರಕಾರ 2009ರಿಂದ ಮುಂದುವರಿದ ಮಾರುಕಟ್ಟೆ. ಎಂಎಸ್‌ಸಿಐ ಪಟ್ಟಿಯಲ್ಲಿ ಗ್ರೀಸ್ 2001ರಲ್ಲಿ ಮೇಲಕ್ಕೆ ಹೋಗಿ 2013ರಲ್ಲಿ ಮತ್ತೆ ಕೆಳಗಿಳಿಯಿತು. ಪಾಕಿಸ್ತಾನ 2017ರಲ್ಲಿ ಒಳಗೆ ಬಂದು 2021ರಲ್ಲಿ ಹೊರಗೆ ಹೋಯಿತು. 2022ರ ಮಾರ್ಚ್‌ನಲ್ಲಿ ರಷ್ಯಾವನ್ನು ಸೂಚ್ಯಂಕದಿಂದ ತೆಗೆದಾಗ ಅಲ್ಲಿಯ ಷೇರುಗಳಿಗೆ ಹೆಚ್ಚುಕಡಿಮೆ ಸೊನ್ನೆ ಬೆಲೆ ಕಟ್ಟಿದರು.

ಇವತ್ತಿನ ಪಟ್ಟಿ ಹಿಡಿದುಕೊಂಡು ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಏನಾಗುತ್ತದೆ? ಸೋತು ಹೊರಬಿದ್ದ ದೇಶಗಳು ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ವರ್ಷಕ್ಕೂ ಆ ವರ್ಷದ ಪಟ್ಟಿಯನ್ನೇ ಬಳಸಿ. ಯಾವ ಸಂಸ್ಥೆಯ ಪಟ್ಟಿ ಎಂದು ಮೊದಲ ಪುಟದಲ್ಲೇ ಹೇಳಿ. ರಷ್ಯಾದಂಥ ತಿಂಗಳು ಸಿಕ್ಕರೆ, ಅಂಕಿ ವಿಚಿತ್ರವಾಗಿದೆ ಎಂದು ಸುಮ್ನೆ ಅಳಿಸಿಬಿಡಬೇಡಿ. ಆ ನಷ್ಟ ನಿಜವಾಗಿಯೂ ಆಗಿದೆ.

ಹೆಜ್ಜೆ 3: ಫಂಡ್‌ಗಳ ಪಟ್ಟಿ

ಸಮಯದ ದೊಡ್ಡ ಪಾಲು ಇಲ್ಲೇ ಹೋಗಬೇಕು. ಹೋಗಲಿ.

ಒಂದು ಸಣ್ಣ ಲೆಕ್ಕ ನೋಡಿ. ಹತ್ತು ಫಂಡ್‌ಗಳಿವೆ. ಮೂರು ಚೆನ್ನಾಗಿ ನಡೆಯದೆ ಮುಚ್ಚಿದವು. ಬದುಕಿರುವ ಏಳರ ಸರಾಸರಿ ರಿಟರ್ನ್ ವರ್ಷಕ್ಕೆ ಶೇ. 12. ಮುಚ್ಚಿದ ಮೂರು ಇದ್ದಷ್ಟು ದಿನ ಕೊಟ್ಟದ್ದು ಶೇ. 2. ಹತ್ತನ್ನೂ ಸೇರಿಸಿದರೆ ಸರಾಸರಿ ಶೇ. 9. ಸೂಚ್ಯಂಕ ಶೇ. 10 ಕೊಟ್ಟಿದ್ದರೆ, ಮೊದಲ ಲೆಕ್ಕದಲ್ಲಿ ಫಂಡ್‌ಗಳು ಗೆದ್ದವು, ಎರಡನೆಯದರಲ್ಲಿ ಸೋತವು. ಸೂತ್ರ ಒಂದೇ, ಪಟ್ಟಿ ಮಾತ್ರ ಬೇರೆ.

ಫಂಡ್ ಸಾಯುವುದು ಕೂಡ ಸದ್ದಿಲ್ಲದೆ. ಎಷ್ಟೋ ಫಂಡ್‌ಗಳು ಮುಚ್ಚುವುದಿಲ್ಲ, ಅದೇ ಕಂಪನಿಯ ಇನ್ನೊಂದು ಒಳ್ಳೆಯ ಫಂಡ್ ಜೊತೆ ವಿಲೀನವಾಗುತ್ತವೆ. ಆಗ ಉಳಿಯುವುದು ಗೆದ್ದವನ ಇತಿಹಾಸ ಮಾತ್ರ. ಕೆಲವು ಹೆಸರನ್ನೂ ಗುಣವನ್ನೂ ಒಟ್ಟಿಗೇ ಬದಲಿಸಿಕೊಳ್ಳುತ್ತವೆ. ಭಾರತದಲ್ಲಿ 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಫಂಡ್‌ಗಳ ವರ್ಗೀಕರಣದ ಸುತ್ತೋಲೆ ಹೊರಡಿಸಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, ಅದರಾಚೆ ಸ್ಮಾಲ್ ಕ್ಯಾಪ್. ಇದಕ್ಕೆ ಹೊಂದಿಕೊಳ್ಳಲು 2018ರಲ್ಲಿ ಸಾಲು ಸಾಲು ಫಂಡ್‌ಗಳು ಹೆಸರು ಬದಲಿಸಿದವು, ಕೆಲವು ವಿಲೀನವಾದವು. 2012ರಿಂದ 2022ರವರೆಗೆ “ಲಾರ್ಜ್ ಕ್ಯಾಪ್ ಫಂಡ್” ಎಂದು ಒಂದೇ ಗೆರೆ ಎಳೆದರೆ, ಆ ಗೆರೆಯ ಮೊದಲರ್ಧದಲ್ಲಿ ಇರುವುದು ಬೇರೆಯದೇ ಫಂಡ್ ಆಗಿರಬಹುದು.

ಅದಕ್ಕೆ ನನ್ನ ಕ್ರಮ ಹೀಗೆ. ಹೆಸರನ್ನು ನಂಬುವುದಿಲ್ಲ. ಸ್ಕೀಮ್ ಕೋಡ್ ಅಥವಾ ಐಎಸ್‌ಐಎನ್ ಎಂಬ ಗುರುತಿನ ಸಂಖ್ಯೆ ಹಿಡಿದು ಪ್ರತಿ ಫಂಡ್‌ಗೆ ಒಂದು ಸಾಲು ಬರೆಯುತ್ತೇನೆ: ಹುಟ್ಟಿದ ದಿನ, ಹೆಸರು ಬದಲಾದ ದಿನ, ಮುಚ್ಚಿದ ಅಥವಾ ವಿಲೀನವಾದ ದಿನ, ಯಾವುದರ ಜೊತೆ. ಅಧ್ಯಯನದ ಮೊದಲ ವರ್ಷದ ಪಟ್ಟಿಯಿಂದ ಶುರು ಮಾಡಿ ಮುಂದಕ್ಕೆ ಬರುತ್ತೇನೆ. ಇವತ್ತಿನಿಂದ ಹಿಂದಕ್ಕೆ ಹೋಗುವುದಿಲ್ಲ. ಹಳೆಯ ಪಟ್ಟಿಗಳು ನಿಯಂತ್ರಕರ ವಾರ್ಷಿಕ ವರದಿಗಳಲ್ಲಿ, ಉದ್ಯಮ ಸಂಘಗಳ ಹಳೆಯ ಕಡತಗಳಲ್ಲಿ ಸಿಗುತ್ತವೆ. ಬೇಜಾರಿನ ಕೆಲಸ, ನಿಜ.

ಜೊತೆಗೆ ಎರಡು ಸಣ್ಣ ಎಚ್ಚರಿಕೆ. ಒಂದೇ ಫಂಡ್‌ಗೆ ಹಲವು ಪ್ಲಾನ್‌ಗಳಿರುತ್ತವೆ. ಭಾರತದಲ್ಲಿ 2013ರ ಜನವರಿ 1ರಿಂದ ಏಜೆಂಟ್ ಇಲ್ಲದೆ ಕೊಳ್ಳುವ ಡೈರೆಕ್ಟ್ ಮತ್ತು ಏಜೆಂಟ್ ಮೂಲಕ ಕೊಳ್ಳುವ ರೆಗ್ಯುಲರ್, ಚೀನಾದಲ್ಲಿ ಎ ಮತ್ತು ಸಿ ಕ್ಲಾಸ್. ಒಳಗಿನ ಷೇರು ಒಂದೇ ಆದ್ದರಿಂದ ಒಂದನ್ನೇ ಎಣಿಸಿ. ಎರಡನೆಯದು: ಹೊಸ ಫಂಡ್‌ಗಳ ಮೊದಲ ಒಂದೆರಡು ವರ್ಷದ ಅಂಕಿಯನ್ನು ಅನುಮಾನದಿಂದ ನೋಡಿ. ಕೆಲವು ಕಡೆ ಕಂಪನಿಗಳು ಸಣ್ಣ ಮೊತ್ತದಲ್ಲಿ ನಾಲ್ಕಾರು ಫಂಡ್ ಒಳಗೊಳಗೇ ನಡೆಸಿ, ಗೆದ್ದದ್ದನ್ನು ಮಾತ್ರ ಹೊರಗೆ ಬಿಡುತ್ತವೆ.

ಹೆಜ್ಜೆ 4: ಎನ್‌ಎವಿಯಿಂದ ರಿಟರ್ನ್

ಇದು ಸರಳ ಕೆಲಸ, ಆದರೆ ಕೈ ಜಾರುತ್ತದೆ. ಎನ್‌ಎವಿ ಬರುವುದೇ ಖರ್ಚಿನ ಅನುಪಾತ ಕಳೆದ ಮೇಲೆ. ಅದನ್ನು ಮತ್ತೊಮ್ಮೆ ಕಳೆಯಬೇಡಿ. ಲಾಭಾಂಶ ಹಂಚುವ ಪ್ಲಾನ್ ಆದರೆ ಹಂಚಿದ ಮೊತ್ತವನ್ನು ಅದೇ ದಿನ ಮತ್ತೆ ಹೂಡಿದಂತೆ ಲೆಕ್ಕ ಹಾಕಿ. ಲಾಭಾಂಶ ಹಂಚದ ಗ್ರೋತ್ ಪ್ಲಾನ್ ಸಿಕ್ಕರೆ ಈ ತಲೆನೋವೇ ಇಲ್ಲ. ಪ್ರವೇಶ ಶುಲ್ಕ ಎನ್‌ಎವಿಯಲ್ಲಿ ಕಾಣುವುದಿಲ್ಲ. ಭಾರತದಲ್ಲಿ 2009ರ ಆಗಸ್ಟ್‌ನಲ್ಲಿ ಎಂಟ್ರಿ ಲೋಡ್ ರದ್ದಾಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹೂಡಿಕೆದಾರನಿಗೆ ಸಿಕ್ಕದ್ದು ಎನ್‌ಎವಿ ಹೇಳುವುದಕ್ಕಿಂತ ಕಡಿಮೆ.

ಎಲ್ಲ ತಿಂಗಳ ರಿಟರ್ನ್ ಬಂದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೇಲಿನ ಇಪ್ಪತ್ತು, ಕೆಳಗಿನ ಇಪ್ಪತ್ತು ಸಾಲುಗಳನ್ನು ಕಣ್ಣಾರೆ ನೋಡಿ. ಒಂದೇ ತಿಂಗಳಲ್ಲಿ ಶೇ. 90 ನಷ್ಟ ಕಂಡರೆ ಅದು ಕುಸಿತವಲ್ಲದೆ ಇರಬಹುದು. ಯೂನಿಟ್‌ನ ಮುಖಬೆಲೆ 100ರಿಂದ 10ಕ್ಕೆ ಇಳಿದಿರಬಹುದು.

ಹೆಜ್ಜೆ 5: ಯಾರ ಕರೆನ್ಸಿ?

ಇದಕ್ಕೆ ಟರ್ಕಿಯ 2021ರಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ವರ್ಷ ಬಿಸ್ಟ್ 100 ಸೂಚ್ಯಂಕ ಲಿರಾ ಲೆಕ್ಕದಲ್ಲಿ ಸುಮಾರು ಶೇ. 26 ಏರಿತು. ಅದೇ ವರ್ಷ ಅಧಿಕೃತ ಹಣದುಬ್ಬರ ಶೇ. 36. ಲಿರಾ ಡಾಲರ್ ಎದುರು ಸುಮಾರು ಶೇ. 44 ಬೆಲೆ ಕಳೆದುಕೊಂಡಿತು.

ಈಗ ಸೂಚ್ಯಂಕದಷ್ಟೇ ಗಳಿಸಿದ ಒಂದು ಫಂಡ್ ಇದೆ ಅಂತಿಟ್ಟುಕೊಳ್ಳಿ. ಲಿರಾದಲ್ಲಿ ಅದು ಶೇ. 26 ಲಾಭ ಮಾಡಿದೆ. ಹಣದುಬ್ಬರ ಕಳೆದರೆ ಶೇ. 7ಕ್ಕಿಂತ ಹೆಚ್ಚು ನಷ್ಟ. ಡಾಲರ್‌ಗೆ ಬದಲಿಸಿದರೆ 1.26ನ್ನು 0.56ರಿಂದ ಗುಣಿಸಬೇಕು, ಬರುವುದು 0.70. ಅಂದರೆ ಸುಮಾರು ಶೇ. 30 ನಷ್ಟ. (26ರಲ್ಲಿ 44 ಕಳೆದು 18 ಎನ್ನುವವರೂ ಇದ್ದಾರೆ. ಅದು ತಪ್ಪು. ಇಲ್ಲಿ ಗುಣಿಸಬೇಕು.) ಒಂದೇ ಫಂಡ್, ಒಂದೇ ವರ್ಷ, ಮೂರು ಉತ್ತರ. ಮೂರೂ ಸರಿ.

ಸ್ಥಳೀಯ ಹೂಡಿಕೆದಾರನ ಪ್ರಶ್ನೆಯಾದರೆ ಸ್ಥಳೀಯ ಕರೆನ್ಸಿ, ಪಕ್ಕದಲ್ಲಿ ಹಣದುಬ್ಬರ ಕಳೆದ ಅಂಕಿ. ಹಲವು ದೇಶಗಳನ್ನು ಹೋಲಿಸುವುದಾದರೆ ಎಲ್ಲವನ್ನೂ ಒಂದೇ ಕರೆನ್ಸಿಗೆ ತನ್ನಿ. ಮುಖ್ಯವಾದದ್ದು ಇದು: ಫಂಡ್, ಬೆಂಚ್‌ಮಾರ್ಕ್ (ಹೋಲಿಕೆಗೆ ಇಟ್ಟ ಸೂಚ್ಯಂಕ), ಅಪಾಯವಿಲ್ಲದ ಬಡ್ಡಿ ದರ (ಸರ್ಕಾರದ ಅಲ್ಪಾವಧಿ ಸಾಲಪತ್ರದ ಬಡ್ಡಿ), ಮೂರೂ ಒಂದೇ ಕರೆನ್ಸಿಯಲ್ಲಿರಬೇಕು. ಸ್ಥಳೀಯ ರಿಟರ್ನ್‌ನಿಂದ ಅಮೆರಿಕದ ಟ್ರೆಷರಿ ಬಿಲ್ ದರ ಕಳೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಅಂಥದ್ದು ಕಂಡರೆ ಮುಂದೆ ಓದುವ ಅಗತ್ಯವಿಲ್ಲ.

ಹೆಜ್ಜೆ 6: ಬೆಂಚ್‌ಮಾರ್ಕ್

ಅಳೆಯುವ ಕೋಲೇ ಗಿಡ್ಡವಾದರೆ ಎಲ್ಲರೂ ಎತ್ತರವೇ ಅಲ್ವಾ? ನಾವು ದಿನಾ ಸುದ್ದಿಯಲ್ಲಿ ನೋಡುವ ಸೂಚ್ಯಂಕಗಳಲ್ಲಿ ಹೆಚ್ಚಿನವು ಬರೀ ಬೆಲೆಯ ಸೂಚ್ಯಂಕ. ಕಂಪನಿಗಳು ಕೊಟ್ಟ ಲಾಭಾಂಶ ಅದರಲ್ಲಿ ಇರುವುದಿಲ್ಲ. ಫಂಡ್‌ನ ಎನ್‌ಎವಿಯಲ್ಲಿ ಇರುತ್ತದೆ. ಲಾಭಾಂಶ ವರ್ಷಕ್ಕೆ ಶೇ. 2 ಇದ್ದರೆ, ಏನೂ ಮಾಡದ ಮ್ಯಾನೇಜರ್‌ಗೂ ಅಷ್ಟು ಆಲ್ಫಾ (ಬೆಂಚ್‌ಮಾರ್ಕ್ ವಿವರಿಸಲಾಗದ ಹೆಚ್ಚುವರಿ ಗಳಿಕೆ) ಪುಕ್ಕಟೆ ಸಿಕ್ಕಿಬಿಡುತ್ತದೆ. ಲಾಭಾಂಶವನ್ನೂ ಸೇರಿಸುವ ಟೋಟಲ್ ರಿಟರ್ನ್ ಸೂಚ್ಯಂಕವನ್ನೇ ಬಳಸಿ. ಭಾರತದಲ್ಲಿ ಸೆಬಿ 2018ರ ಫೆಬ್ರವರಿಯಿಂದ ಫಂಡ್‌ಗಳಿಗೂ ಇದನ್ನು ಕಡ್ಡಾಯ ಮಾಡಿತು. ಅದಕ್ಕೆ ಮುಂಚಿನ ಜಾಹೀರಾತು, ವರದಿಗಳಲ್ಲಿ “ಬೆಂಚ್‌ಮಾರ್ಕ್ ಮೀರಿಸಿದೆ” ಎಂದು ಕಂಡರೆ ಯಾವ ಸೂಚ್ಯಂಕ ಎಂದು ನೋಡಿ.

ಸ್ಮಾಲ್ ಕ್ಯಾಪ್ ಫಂಡ್‌ಅನ್ನು ಲಾರ್ಜ್ ಕ್ಯಾಪ್ ಸೂಚ್ಯಂಕದ ಜೊತೆ ಹೋಲಿಸಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಕಡಿಮೆ ಗಮನಕ್ಕೆ ಬರುವ ಸಂಗತಿ ಇನ್ನೊಂದಿದೆ. ಈ ಮಾರುಕಟ್ಟೆಗಳಲ್ಲಿ ಕೆಲವು ಸೂಚ್ಯಂಕಗಳು ಒಂದೆರಡು ದೈತ್ಯ ಕಂಪನಿಗಳ ಹೆಗಲ ಮೇಲೆ ನಿಂತಿವೆ. ತೈವಾನ್ ಸೂಚ್ಯಂಕದಲ್ಲಿ ಚಿಪ್ ತಯಾರಿಸುವ ಟಿಎಸ್‌ಎಂಸಿ ಒಂದೇ ಕಾಲು ಭಾಗಕ್ಕಿಂತ ಹೆಚ್ಚು. ಆದರೆ ಒಂದೇ ಕಂಪನಿಯ ಷೇರಿನಲ್ಲಿ ಶೇ. 10ಕ್ಕಿಂತ ಹೆಚ್ಚು ಹಾಕಬಾರದು ಎಂಬಂಥ ನಿಯಮ ಹಲವು ದೇಶಗಳಲ್ಲಿದೆ, ಭಾರತದ ಫಂಡ್‌ಗಳಿಗೂ ಇದೆ. ಇಂಥ ಕಡೆ ಆ ದೈತ್ಯ ಷೇರು ಓಡಿದ ವರ್ಷ ಫಂಡ್‌ಗಳು ಸಾಲಾಗಿ ಸೋಲುತ್ತವೆ. ಅದು ಬಿದ್ದ ವರ್ಷ ಸಾಲಾಗಿ ಗೆಲ್ಲುತ್ತವೆ. ಇದರಲ್ಲಿ ಮ್ಯಾನೇಜರ್‌ನ ಜಾಣತನವೂ ಇಲ್ಲ, ದಡ್ಡತನವೂ ಇಲ್ಲ, ನಿಯಮ ಇದೆ. ಕಂಪನಿಯ ಪಾಲಿಗೆ ಮಿತಿ ಹಾಕಿದ ಸೂಚ್ಯಂಕ ಇದ್ದರೆ ಅದರ ಜೊತೆಗೂ ಒಮ್ಮೆ ಹೋಲಿಸಿ.

ಹೆಜ್ಜೆ 7: ಮಾದರಿ

ಮಾದರಿ ಎಂದರೆ ಫಂಡ್‌ನ ರಿಟರ್ನ್‌ನಲ್ಲಿ ಎಷ್ಟು ಮಾರುಕಟ್ಟೆಯಂಥ ಅಂಶಗಳಿಂದ ಬಂತು, ಎಷ್ಟು ಆಲ್ಫಾ ಎಂದು ಬೇರ್ಪಡಿಸುವ ಸೂತ್ರ. ಇಲ್ಲಿ ಹೊಸದನ್ನು ಕಂಡುಹಿಡಿಯಬೇಕಾಗಿಲ್ಲ. ಮೈಕೆಲ್ ಜೆನ್ಸನ್ 1968ರಲ್ಲಿ ಅಮೆರಿಕದ 115 ಫಂಡ್‌ಗಳ 1945ರಿಂದ 1964ರವರೆಗಿನ ಲೆಕ್ಕ ತೆಗೆದು, ಖರ್ಚು ಕಳೆದರೆ ಸರಾಸರಿ ಆಲ್ಫಾ ವರ್ಷಕ್ಕೆ ಶೇ. 1.1ರಷ್ಟು ಮೈನಸ್ ಎಂದು ತೋರಿಸಿದರು. ಫಾಮಾ ಮತ್ತು ಫ್ರೆಂಚ್ 1993ರಲ್ಲಿ ಕಂಪನಿಯ ಗಾತ್ರ ಮತ್ತು ವ್ಯಾಲ್ಯೂ (ಪುಸ್ತಕ ಮೌಲ್ಯಕ್ಕೆ ಹೋಲಿಸಿದರೆ ಷೇರು ಎಷ್ಟು ಅಗ್ಗ) ಎಂಬ ಎರಡು ಅಂಶ ಸೇರಿಸಿದರು. ಮಾರ್ಕ್ ಕಾರ್ಹಾರ್ಟ್ 1997ರಲ್ಲಿ ಮೊಮೆಂಟಮ್ (ಈಚೆಗೆ ಏರಿದ ಷೇರು ಇನ್ನಷ್ಟು ಏರುವ ಪ್ರವೃತ್ತಿ) ಸೇರಿಸಿ, ಗೆದ್ದ ಫಂಡ್ ಮತ್ತೆ ಗೆಲ್ಲುವಂತೆ ಕಾಣುವುದಕ್ಕೆ ಬಹುಪಾಲು ಕಾರಣ ಮೊಮೆಂಟಮ್ ಮತ್ತು ಖರ್ಚು ಎಂದರು. ಅವರು ಮುಚ್ಚಿಹೋದ ಫಂಡ್‌ಗಳನ್ನೂ ಸೇರಿಸಿಕೊಂಡಿದ್ದರು. ಇವೇ ಅಂಶಗಳು 20 ಉದಯೋನ್ಮುಖ ಮಾರುಕಟ್ಟೆಗಳಲ್ಲೂ ಕೆಲಸ ಮಾಡುತ್ತವೆ ಎಂದು ಗೀರ್ಟ್ ರೋವೆನ್‌ಹಾರ್ಸ್ಟ್ 1999ರಲ್ಲಿ ತೋರಿಸಿದರು.

ಒಂದು ಅಂಶ (ಮಾರುಕಟ್ಟೆ ಮಾತ್ರ), ಮೂರು ಅಂಶ, ನಾಲ್ಕು ಅಂಶ, ಮೂರೂ ಮಾದರಿಗಳನ್ನು ಓಡಿಸಿ. ಆಲ್ಫಾ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಕರಗುತ್ತದೆ ಎನ್ನುವುದೇ ಓದುಗರಿಗೆ ಬೇಕಾದ ಸುದ್ದಿ.

ಅಂಶಗಳ ಅಂಕಿ ಎಲ್ಲಿ ಸಿಗುತ್ತದೆ? ಕೆನೆತ್ ಫ್ರೆಂಚ್ ಅವರ ಉಚಿತ ಡೇಟಾ ಲೈಬ್ರರಿಯಲ್ಲಿ ಉದಯೋನ್ಮುಖ ಮಾರುಕಟ್ಟೆಗಳಿಗೆ ಬೇರೆಯೇ ಕಡತ ಇದೆ. ಅದು ಡಾಲರ್‌ನಲ್ಲಿದೆ ಎನ್ನುವುದನ್ನು ಮರೆಯಬೇಡಿ. ಒಂದೇ ದೇಶದ ಅಧ್ಯಯನಕ್ಕೆ ಆ ದೇಶದ್ದೇ ಅಂಶಗಳು ಉತ್ತಮ. ಭಾರತಕ್ಕೆ ಐಐಎಂ ಅಹಮದಾಬಾದ್, ಬ್ರೆಜಿಲ್‌ಗೆ ಸಾವೊ ಪಾಲೊ ವಿಶ್ವವಿದ್ಯಾಲಯದ ನೆಫಿನ್ ಕೇಂದ್ರ ಪ್ರಕಟಿಸುತ್ತವೆ.

ಹೆಜ್ಜೆ 8: ಹಳಸಿದ ಬೆಲೆ

ಮುಂದುವರಿದ ಮಾರುಕಟ್ಟೆಯ ಪಠ್ಯಪುಸ್ತಕಗಳು ಇದನ್ನು ಅಡಿಟಿಪ್ಪಣಿಯಲ್ಲಿ ಮುಗಿಸುತ್ತವೆ. ನಮ್ಮ ವಿಷಯಕ್ಕೆ ಅದು ಸಾಲದು.

ಒಂದು ಸಣ್ಣ ಕಂಪನಿಯ ಷೇರು ದಿನಗಟ್ಟಲೆ ಕೈ ಬದಲಾಗುವುದೇ ಇಲ್ಲ ಅಂದುಕೊಳ್ಳಿ. ಸೋಮವಾರ ಪೇಟೆ ಶೇ. 5 ಬಿತ್ತು. ಆ ಷೇರಿನ ವಹಿವಾಟು ನಡೆದದ್ದು ಗುರುವಾರ. ಸೋಮವಾರದ ಎನ್‌ಎವಿಯಲ್ಲಿ ಕೂತಿರುವುದು ಹಳೆಯ ಬೆಲೆ. ಪೇಟೆ ಬಿದ್ದರೂ ಫಂಡ್ ಬಿದ್ದಂತೆ ಕಾಣುವುದಿಲ್ಲ. ಹೀಗೆ ಬೀಟಾ (ಪೇಟೆ ಏರಿಳಿದಾಗ ಫಂಡ್ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ನಿಜಕ್ಕಿಂತ ಕಡಿಮೆ ಬರುತ್ತದೆ. ಬೀಟಾ ಕಡಿಮೆಯಾದರೆ, ಏರುವ ಪೇಟೆಯಲ್ಲಿ ಆಲ್ಫಾ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ. ಷೇರು ಮಾರಾಟವಾಗದೆ ಕೂತಿದ್ದು ಜಾಣ್ಮೆಯ ಲೆಕ್ಕಕ್ಕೆ ಹೋಯಿತು.

ಕೆಲವೊಮ್ಮೆ ಇಡೀ ಪೇಟೆಯೇ ನಿಲ್ಲುತ್ತದೆ. ಈಜಿಪ್ಟ್‌ನ ಷೇರುಪೇಟೆ 2011ರಲ್ಲಿ ಜನವರಿ ಕೊನೆಯಿಂದ ಮಾರ್ಚ್ 23ರವರೆಗೆ ಮುಚ್ಚಿತ್ತು. ಆ ಫೆಬ್ರವರಿಯ ರಿಟರ್ನ್ ಸೊನ್ನೆ ಎಂದು ಬರೆದರೆ, ಏರುಪೇರೇ ಇಲ್ಲದ ಶಾಂತ ತಿಂಗಳು ಎಂದಾಗುತ್ತದೆ. ದೇಶದಲ್ಲಿ ನಡೆದದ್ದು ಕ್ರಾಂತಿ! ಜನವರಿಯಿಂದ ಮಾರ್ಚ್‌ವರೆಗೆ ಒಂದೇ ಅವಧಿ ಎಂದು ಸೇರಿಸಿ ಲೆಕ್ಕ ಹಾಕುವುದು ವಾಸಿ.

ಮದ್ದು ಕಷ್ಟದ್ದಲ್ಲ. ದಿನದ ಬದಲು ತಿಂಗಳ ರಿಟರ್ನ್ ಬಳಸಿ. ರಿಗ್ರೆಶನ್‌ನಲ್ಲಿ ಈ ತಿಂಗಳ ಮಾರುಕಟ್ಟೆ ರಿಟರ್ನ್ ಜೊತೆ ಹಿಂದಿನ ತಿಂಗಳದ್ದನ್ನೂ ಸೇರಿಸಿ, ಎರಡೂ ಬೀಟಾಗಳನ್ನು ಕೂಡಿಸಿ. 1979ರಲ್ಲಿ ಎಲ್ರಾಯ್ ಡಿಮ್ಸನ್ ತೋರಿಸಿದ ದಾರಿ ಇದೇ. ಕೂಡಿಸಿದ ಬೀಟಾ ಮೊದಲಿಗಿಂತ ಗಣನೀಯವಾಗಿ ದೊಡ್ಡದಾದರೆ ನಿಮ್ಮ ಫಂಡ್‌ಗಳಲ್ಲಿ ಹಳಸಿದ ಬೆಲೆ ಇದೆ ಎಂದೇ ಅರ್ಥ.

ಹೆಜ್ಜೆ 9: ಅದೃಷ್ಟವೋ ಜಾಣ್ಮೆಯೋ

ಪ್ರತಿ ವರ್ಷ ಬೆಂಚ್‌ಮಾರ್ಕ್ ಮೀರುವುದು ನಾಣ್ಯ ಚಿಮ್ಮಿದಂತೆ ಎಂದುಕೊಳ್ಳಿ. 1000 ಫಂಡ್‌ಗಳಿದ್ದರೆ ಐದು ವರ್ಷ ಸತತವಾಗಿ ಗೆಲ್ಲುವವು ಸುಮಾರು 31. ಬರೀ ಅದೃಷ್ಟದಿಂದ. ಆ 31 ಫಂಡ್‌ಗಳ ಮ್ಯಾನೇಜರ್‌ಗಳು ಟಿವಿಯಲ್ಲಿ ತಮ್ಮ ಗೆಲುವಿನ ಗುಟ್ಟು ಹೇಳುತ್ತಿರುತ್ತಾರೆ.

ಇನ್ನೊಂದು ಲೆಕ್ಕ ನಿಜಕ್ಕೂ ಕಣ್ಣು ತೆರೆಸುತ್ತದೆ. ಮ್ಯಾನೇಜರ್‌ಗೆ ವರ್ಷಕ್ಕೆ ಶೇ. 2 ಆಲ್ಫಾ ತರುವ ಶಕ್ತಿ ನಿಜವಾಗಿಯೂ ಇದೆ. ಮಾದರಿ ವಿವರಿಸಲಾಗದ ಏರುಪೇರು ವರ್ಷಕ್ಕೆ ಶೇ. 6. ಟಿ ಮೌಲ್ಯ (ಫಲಿತಾಂಶ ಬರೀ ಅದೃಷ್ಟವಲ್ಲ ಎನ್ನಲು ಬಳಸುವ ಅಳತೆ) 2 ಮುಟ್ಟಲು ಎಷ್ಟು ವರ್ಷ ಬೇಕು? 6ನ್ನು 2ರಿಂದ ಭಾಗಿಸಿ, ಬಂದ 3ನ್ನು ಟಿ ಮೌಲ್ಯದ 2ರಿಂದ ಗುಣಿಸಿ, ಬಂದ 6ರ ವರ್ಗ ಮಾಡಿ. 36 ವರ್ಷ. ಚೀನಾದಲ್ಲಿ ಯಾವಾಗ ಬೇಕಾದರೂ ಹಣ ಹಾಕಿ ತೆಗೆಯಬಹುದಾದ ಮೊದಲ ಓಪನ್ ಎಂಡ್ ಫಂಡ್ ಶುರುವಾದದ್ದೇ 2001ರಲ್ಲಿ. ಅಂದರೆ ಒಂದೊಂದೇ ಫಂಡ್ ಹಿಡಿದು ತೀರ್ಪು ಕೊಡುವಷ್ಟು ಇತಿಹಾಸ ಇನ್ನೂ ಇಲ್ಲ.

ಅದಕ್ಕೆ ಗುಂಪಾಗಿ ನೋಡಬೇಕು. ಪ್ರತಿ ವರ್ಷದ ಕೊನೆಗೆ ಹಿಂದಿನ ಹನ್ನೆರಡು ತಿಂಗಳ ಸಾಧನೆಯ ಮೇಲೆ ಫಂಡ್‌ಗಳನ್ನು ಐದು ಗುಂಪು ಮಾಡಿ. ಮುಂದಿನ ವರ್ಷ ಯಾವ ಗುಂಪು ಏನು ಮಾಡಿತು ನೋಡಿ. ನಡುವೆ ಮುಚ್ಚಿದ ಫಂಡ್‌ಅನ್ನು ಮುಚ್ಚುವ ತಿಂಗಳವರೆಗೂ ಗುಂಪಿನಲ್ಲೇ ಇಡಿ. ಅಂಶಗಳಿಂದ ಬಂದ ಪಾಲನ್ನು ಕಳೆದ ಮೇಲೂ ಮೇಲಿನ ಗುಂಪಿಗೂ ಕೆಳಗಿನ ಗುಂಪಿಗೂ ಅಂತರ ಉಳಿದರೆ ಮಾತಾಡಲು ಏನೋ ಇದೆ. ಜೊತೆಗೆ ಬೂಟ್‌ಸ್ಟ್ರಾಪ್ ಮಾಡಿ. ಆಲ್ಫಾ ಸೊನ್ನೆ ಎಂದಿಟ್ಟುಕೊಂಡು ಸಾವಿರ ಸಲ ಕೃತಕ ಫಂಡ್‌ಗಳನ್ನು ಹುಟ್ಟಿಸಿ, ನಿಜದ ಗೆಲುವು ಅವನ್ನು ಮೀರುತ್ತದೆಯೇ ನೋಡಿ.

ಹೆಜ್ಜೆ 10: ಬಂದ ಉತ್ತರವನ್ನು ಪ್ರಶ್ನಿಸಿ

“ಈ ಪೇಟೆಗಳಲ್ಲಿ ಮಾಹಿತಿ ಎಲ್ಲರಿಗೂ ಸರಿಯಾಗಿ ಹರಡಿರುವುದಿಲ್ಲ, ಹಾಗಾಗಿ ಜಾಣ ಮ್ಯಾನೇಜರ್ ಗೆದ್ದೇ ಗೆಲ್ಲುತ್ತಾನೆ” ಎನ್ನುವುದು ಫಂಡ್ ಕಂಪನಿಗಳ ಹಳೆಯ ರಾಗ. ಎದುರು ವಾದ ವಿಲಿಯಂ ಶಾರ್ಪ್ ಅವರ 1991ರ ಸರಳ ಗಣಿತ: ಸಕ್ರಿಯ ಹೂಡಿಕೆದಾರರೆಲ್ಲರ (ಸೂಚ್ಯಂಕವನ್ನು ನಕಲು ಮಾಡದೆ ತಾವೇ ಷೇರು ಆರಿಸುವವರ) ಸರಾಸರಿ, ಖರ್ಚಿಗೆ ಮೊದಲು, ಮಾರುಕಟ್ಟೆಗೆ ಸಮ. ಆದ್ದರಿಂದ ಖರ್ಚು ಕಳೆದರೆ ಸೋಲಲೇಬೇಕು.

ಎರಡನ್ನೂ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಶಾರ್ಪ್ ಗಣಿತ ಎಲ್ಲ ಸಕ್ರಿಯ ಹೂಡಿಕೆದಾರರಿಗೆ ಅನ್ವಯ, ಫಂಡ್‌ಗಳಿಗೆ ಮಾತ್ರವಲ್ಲ. ಉದಯೋನ್ಮುಖ ಮಾರುಕಟ್ಟೆಗಳಲ್ಲಿ ಫಂಡ್‌ಗಳ ಕೈಯಲ್ಲಿರುವುದು ಪೇಟೆಯ ಒಂದು ತುಂಡು ಅಷ್ಟೇ. ಉಳಿದದ್ದು ಪ್ರವರ್ತಕರು, ಸರ್ಕಾರ, ವಿದೇಶಿಯರು, ಬಿಡಿ ಹೂಡಿಕೆದಾರರದ್ದು. ಚೀನಾದ ಪೇಟೆಯಲ್ಲಿ ವಹಿವಾಟಿನ ದೊಡ್ಡ ಪಾಲು ಬಿಡಿ ಹೂಡಿಕೆದಾರರದ್ದೇ. ಅವರು ಸೋತಷ್ಟನ್ನು ಫಂಡ್‌ಗಳು ಗೆಲ್ಲುವುದು ಗಣಿತಕ್ಕೆ ವಿರುದ್ಧವೇನಲ್ಲ. ಹಾಗಾಗಿ ಆಲ್ಫಾ ಸಿಕ್ಕರೆ, ಅದು ಯಾರ ಜೇಬಿನಿಂದ ಬಂತು ಎಂದು ಕೇಳಿ. ಫಂಡ್‌ಗಳ ಪಾಲು ಬೆಳೆದಂತೆ ಆಲ್ಫಾ ಇಳಿಯುತ್ತಿದೆಯೇ ನೋಡಿ. ಈ ಕ್ಷೇತ್ರದಲ್ಲಿ ನನಗೆ ಅತಿ ಕುತೂಹಲದ ಪ್ರಶ್ನೆ ಇದು.

ಅಮೆರಿಕದ ಫಲಿತಾಂಶವನ್ನು ಹಾಗೇ ಎತ್ತಿ ಇಲ್ಲಿಗೆ ತರಲೂ ಬೇಡಿ. ಫಂಡ್ ದೊಡ್ಡದಾದಷ್ಟೂ ಸಾಧನೆ ಕುಗ್ಗುತ್ತದೆ ಎನ್ನುವುದು ಅಲ್ಲಿ ಒಪ್ಪಿತ ಮಾತು. 27 ದೇಶಗಳನ್ನು ನೋಡಿದ ಫೆರೇರಾ ಮತ್ತು ಸಂಗಡಿಗರ 2013ರ ಅಧ್ಯಯನದಲ್ಲಿ ಅಮೆರಿಕದ ಹೊರಗೆ ಆ ಸಂಬಂಧ ಕಾಣಲಿಲ್ಲ. ನಿಮ್ಮ ಅಂಕಿಗಳನ್ನು ತಾಳೆ ನೋಡಲು ಎಸ್ ಆ್ಯಂಡ್ ಪಿ ಪ್ರಕಟಿಸುವ ಸ್ಪಿವಾ ವರದಿ ಅನುಕೂಲ. ಭಾರತ, ಬ್ರೆಜಿಲ್, ಚಿಲಿ, ಮೆಕ್ಸಿಕೊ, ದಕ್ಷಿಣ ಆಫ್ರಿಕಾಗಳಿಗೂ ಅದು ಬರುತ್ತದೆ. ಮುಚ್ಚಿಹೋದ ಫಂಡ್‌ಗಳನ್ನೂ ಅದರಲ್ಲಿ ಎಣಿಸುತ್ತಾರೆ.

ಹೆಜ್ಜೆ 11: ಬರೆಯುವಾಗ

ಮುಖ್ಯ ಕೋಷ್ಟಕವನ್ನು ಎರಡು ಸಲ ಹಾಕಿ: ಬದುಕಿರುವ ಫಂಡ್‌ಗಳದ್ದೊಂದು, ಎಲ್ಲ ಫಂಡ್‌ಗಳದ್ದೊಂದು. ಸ್ಥಳೀಯ ಕರೆನ್ಸಿ ಮತ್ತು ಡಾಲರ್ ಅಕ್ಕಪಕ್ಕ ಇರಲಿ. 2008, 2020ರಂಥ ಬಿಕ್ಕಟ್ಟಿನ ವರ್ಷಗಳನ್ನು ಬಿಟ್ಟರೆ ಉತ್ತರ ಬದಲಾಗುತ್ತದೆಯೇ ಎಂದು ಒಂದು ಸಾಲು ಬರೆಯಿರಿ. ಆಲ್ಫಾ ಸೊನ್ನೆ ಬಂದರೆ ಸೊನ್ನೆ ಎಂದೇ ಬರೆಯಿರಿ, ಪ್ಲಸ್ ಬರುವ ತನಕ ಅವಧಿ ಬದಲಿಸುತ್ತ ಕೂರಬೇಡಿ.

ಅನುಬಂಧದಲ್ಲಿ ಮೂರನೇ ಹೆಜ್ಜೆಯ ಆ ಪಟ್ಟಿಯನ್ನು ಪೂರ್ತಿ ಕೊಡಿ, ಯಾವ ಫಂಡ್ ಯಾವಾಗ ಮುಚ್ಚಿತು, ಯಾವುದರಲ್ಲಿ ಕರಗಿತು ಎಂದು. ನನ್ನ ಗೈಡ್ ಈಗಲೂ ಯಾರ ಪ್ರಬಂಧ ಕೈಗೆ ಬಂದರೂ ಮೊದಲು ತೆಗೆಯುವುದು ಆ ಪುಟವನ್ನೇ. ಅದು ಇಲ್ಲದಿದ್ದರೆ ಮುಂದಿನ ಪುಟ ತಿರುಗಿಸುವುದಿಲ್ಲ.